ಮೊದಲು ತಿಂಗಳು, ಆಮೇಲೆ ದಿನ

"ತಪ್ಪು ನಂದಲ್ಲ ಜಯಾ, ಕಂಪ್ಯೂಟರಿಂದೂ ಅಲ್ಲ. ಅದರೊಳಗೆ ಹೊಸದಾಗಿ ಹಾಕಿದಾರಲ್ಲ ಸಿಸ್ಟಮ್ಮು, ಅದರದ್ದು," ಎನ್ನುತ್ತ ಮುರಳೀಧರರು ಇನ್ನೊಂದು ಬಾಳೆಕಾಯಿ ಬಜ್ಜಿಯನ್ನು ಕೈಗೆತ್ತಿಕೊಂಡರು.

ವೃಂದಾ ಆಗಷ್ಟೇ ಎಗ್ಮೋರಿನ ಆಫೀಸಿನಿಂದ ಬಂದು, ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ಬಾಗಿಲಲ್ಲೇ ನಿಂತಿದ್ದಳು. ಸೋಫಾದ ಮೇಲೆ ಕಲಾವತಿ ಮಾಮಿ ಕೂತಿದ್ದರು, ಪಕ್ಕದಲ್ಲಿ ಅವರ ಮಗ ಉದಯ್. ಐದು ತಿಂಗಳ ಹಿಂದೆ ಮದುವೆ ಬೇಡ ಎಂದು ಇದೇ ಸೋಫಾದಿಂದ ಎದ್ದು ಹೋದವರು ಇವರು. ಹೋಗುವಾಗ ಮಾಮಿ ಅರಿಶಿನ ಕುಂಕುಮವನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದಿದ್ದರು. ಈಗ ಟೀಪಾಯಿಯ ಮೇಲೆ ಬಜ್ಜಿ, ಕೇಸರಿಬಾತು, ಬೆಳ್ಳಿ ಲೋಟದಲ್ಲಿ ಕಾಫಿ. ವೃಂದಾಳ ತಾಯಿ ಜಯಲಕ್ಷ್ಮೀ ಒಳಗೂ ಹೊರಗೂ ಓಡಾಡುತ್ತ, ಬೇಡ ಬೇಡ ಎಂದವರ ತಟ್ಟೆಗೆ ಮತ್ತೆ ಮತ್ತೆ ಬಡಿಸುತ್ತಿದ್ದಳು.

"ಬಾಮ್ಮಾ, ಬಾ. ಎಷ್ಟು ಇಳಿದುಹೋಗಿದೀ, ಪಾವಂ. ಯಾರ ಕಣ್ಣು ಬಿತ್ತೋ," ಎಂದರು ಕಲಾವತಿ ಮಾಮಿ.

ಯಾರ ಕಣ್ಣು ಎಂದು ಆಕೆಗೆ ಗೊತ್ತಿಲ್ಲವಂತೆ. ವೃಂದಾ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದಳು. ಕಿಟಕಿಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ಅವಳ ತಂದೆ ವಿಷ್ಣುತೀರ್ಥರು ಪೇಪರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಪ್ಪನನ್ನು ಆ ಮನೆಯಲ್ಲಿ ಅಣ್ಣಾ ಎಂದೇ ಕರೆಯುವುದು. ಅಣ್ಣ ಅವಳ ಕಡೆ ಒಮ್ಮೆ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದರು.

"ನಿನ್ನ ನಕ್ಷತ್ರ ಮೂಲಾ ಅಲ್ಲವಂತೆ ಕಣೇ. ಮಖಾನೇ ಅಂತೆ. ಮುರಳಿ ಮಾಮಾ ತಾವಾಗೇ ಕಂಡುಹಿಡಿದು, ತಾವಾಗೇ ಕೋಡಂಬಾಕ್ಕಂಗೆ ಹೋಗಿ ಮಾಮಿಗೆ ಹೇಳಿ, ಕರಕೊಂಡು ಬಂದಿದಾರೆ," ಎಂದಳು ಜಯಲಕ್ಷ್ಮೀ. ಅವಳ ಕಣ್ಣು ಒದ್ದೆಯಾಗಿತ್ತು. ಅದು ಸಂತೋಷದ ನೀರು.

ತ್ರಿಪ್ಲಿಕೇನಿನ ಕನ್ನಡ ಮಾಧ್ವರ ಮನೆಗಳಲ್ಲಿ ಮುರಳೀಧರರಿಗೆ ಜಾತಕದ ಮುರಳಿ ಮಾಮಾ ಎಂದೇ ಹೆಸರು. ರೈಲ್ವೆಯಿಂದ ರಿಟೈರ್ ಆದಮೇಲೆ ಒಂದು ಕಂಪ್ಯೂಟರು ಕೊಂಡು, ಯಾರೋ ಫ್ಲಾಪಿಯಲ್ಲಿ ಕೊಟ್ಟ ಜಾತಕದ ಪ್ರೋಗ್ರಾಮನ್ನು ಅದಕ್ಕೆ ತುಂಬಿಸಿಕೊಂಡಿದ್ದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಹುಟ್ಟಿದ ತಾರೀಕು, ಹೊತ್ತು, ಊರು ಹೊಡೆದರೆ ನಕ್ಷತ್ರ, ರಾಶಿ, ಕುಂಡಲಿ ಎಲ್ಲ ಬಂದು, ಪ್ರಿಂಟರು ಕರಕರ ಎಂದು ಹಾಳೆ ಉಗುಳುತ್ತಿತ್ತು. ಎಂಟು ವರ್ಷ ಆ ಹಾಳೆಗಳ ಮೇಲೆ ಎಷ್ಟೋ ಮದುವೆಗಳಾದವು. ದುಡ್ಡು ಮುಟ್ಟುತ್ತಿರಲಿಲ್ಲ, ಮರ್ಯಾದೆ ಮಾತ್ರ ಬೇಕಿತ್ತು, ಜೊತೆಗೆ ಬಜ್ಜಿ. ಕಳೆದ ಬೇಸಿಗೆಯಲ್ಲಿ ಆ ಪೆಟ್ಟಿಗೆ ಹೊಗೆಯಾಡಿ ಸತ್ತಿತು. ಅಳಿಯ ಹೊಸದು ತಂದುಕೊಟ್ಟ, ಹೊಸ ಸಿಸ್ಟಮ್ಮಿನದು. ಜಾತಕದ್ದೂ ಹೊಸ ಪ್ರೋಗ್ರಾಮು ಹಾಕಿಸಿಕೊಳ್ಳಿ ಎಂದು ಅವನು ಹೇಳಿದರೆ, ಹಳೇದು ಕಲ್ಲುಗುಂಡಿನ ಹಾಗಿದೆ, ನನ್ನ ಕೈಗೆ ಹೊಂದಿದೆ, ಅದನ್ನೇ ಹಾಕು ಎಂದು ಇವರು ಹಟ ಹಿಡಿದರು. ಹಾಕಿದ. ಅದು ಓಡಿತು. ಹಾಗೆ ಓಡಿದ ಮೊದಮೊದಲ ಜಾತಕಗಳಲ್ಲಿ ವೃಂದಾಳದ್ದೂ ಒಂದು.

ಅಷ್ಟರಲ್ಲಿ ಉದಯನ ಮನೆಯವರ ಜೊತೆ ಮದುವೆಯ ಮಾತುಕತೆ ಮುಕ್ಕಾಲು ಮುಗಿದಿತ್ತು. ಉದಯ್ ಮೌಂಟ್ ರೋಡಿನಲ್ಲಿ ಕಾರು ಮಾರುವ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ. ದೊಡ್ಡವರ ಒಪ್ಪಿಗೆಯಿಂದಲೇ ಇಬ್ಬರೂ ಎರಡು ಸಂಜೆ ಮರೀನಾದಲ್ಲಿ ನಡೆದಾಡಿದ್ದರು. ಕಡಲೆಯ ಸುಂಡಲ್ ಪೊಟ್ಟಣದಿಂದ ಮಾವಿನಕಾಯಿ ಚೂರುಗಳನ್ನು ಹೆಕ್ಕಿ ಹೆಕ್ಕಿ ಅವಳಿಗೆ ಕೊಟ್ಟಿದ್ದ ಅವನು. ತಾನು ಕನ್ನಡದಲ್ಲಿ ಶುರುಮಾಡಿದರೆ ವಾಕ್ಯ ತಮಿಳಿನಲ್ಲಿ ಮುಗಿಯುತ್ತದೆ ಎಂದು ತನ್ನನ್ನೇ ಗೇಲಿ ಮಾಡಿಕೊಂಡಿದ್ದ. ಇಪ್ಪತ್ತೊಂಬತ್ತು ವರ್ಷಕ್ಕೆ ಏಳೆಂಟು ಗಂಡುಗಳ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವಳಿಗೆ ಅವನು ಹಿಡಿಸಿದ್ದ. ಇವನಾದರೆ ಆಗಬಹುದು ಎಂದಲ್ಲ, ಇವನೇ ಬೇಕು ಎನ್ನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆಗ ಬಂತು ಮುರಳಿ ಮಾಮಾನ ಹಾಳೆ. ಮೂಲಾ ನಕ್ಷತ್ರ, ಧನು ರಾಶಿ.

"ಆಣ್ ಮೂಲಂ ಅರಸಾಳುಂ, ಪೆಣ್ ಮೂಲಂ ನಿರ್ಮೂಲಂ" ಎಂದು ಕಲಾವತಿ ಮಾಮಿ ಅವತ್ತು ಇದೇ ಹಾಲಿನಲ್ಲಿ ನಿಂತು ಹೇಳಿದ್ದರು. ಗಂಡು ಮೂಲಾದಲ್ಲಿ ಹುಟ್ಟಿದರೆ ರಾಜ್ಯ ಆಳುತ್ತಾನಂತೆ, ಹೆಣ್ಣು ಹುಟ್ಟಿದರೆ ಮನೆಯೇ ನಿರ್ಮೂಲವಂತೆ. ಮೊದಲು ಹೋಗುವವನು ಮಾವ. ಉದಯನ ತಂದೆ ಕೃಷ್ಣಪ್ರಸಾದರಿಗೆ ಆಗಲೇ ಒಮ್ಮೆ ಎದೆನೋವು ಬಂದು ಹೋಗಿತ್ತು. "ನಮ್ಮ ಮನೆಯವರ ಪ್ರಾಣ ಒತ್ತೆ ಇಟ್ಟು ಸೊಸೆ ತರಬೇಕಾ ನಾವು?" ಎಂದು ಕೇಳಿದ್ದರು ಮಾಮಿ.

ಜಯಲಕ್ಷ್ಮೀ ಅವತ್ತು ಗೋಗರೆದಳು. ಇವಳದು ಮಖಾ, ಹುಟ್ಟಿದಾಗಿನಿಂದ ಅರ್ಚನೆ ಮಾಡಿಸಿರೋದು ಮಖಾ ನಕ್ಷತ್ರ ಸಿಂಹ ರಾಶಿ ಅಂತಲೇ. ಮಾಸಿ ತಿಂಗಳ ಮಖಾ ಹಬ್ಬ, ಮಾಸಿ ಮಗಂ ದಿವಸ ಹುಟ್ಟಿದವಳು, ಪಾರ್ಥಸಾರಥಿ ಪೆರುಮಾಳು ಸ್ನಾನಕ್ಕೆ ಸಮುದ್ರಕ್ಕೆ ಹೊರಟಿತ್ತು, ನಾನು ಹೆರಿಗೆ ವಾರ್ಡಿನಲ್ಲಿ ನಾಗಸ್ವರ ಕೇಳಿದೀನಿ ಎಂದಳು. ಕಲಾವತಿ ಮಾಮಿ ಕೈ ಆಡಿಸಿಬಿಟ್ಟರು.

"ಮೂಲಾ ಹುಡುಗಿ ಇರೋ ಮನೇಲೆಲ್ಲ ಹೀಗೇ ಏನಾದ್ರೂ ಒಂದು ಹೇಳ್ತಾರೆ. ಕಂಪ್ಯೂಟರ್‌ಗೆ ನಿಮ್ಮ ಮೇಲೆ ಏನು ಹಗೆ? ಮುಚ್ಚಿಟ್ಟು ಮೋಸ ಮಾಡೋಕೆ ನೋಡಿದಿರಿ, ಅಷ್ಟೇ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಳೆಯ ಪಂಚಾಂಗ ತೆಗೆದು ನೋಡೋಣ ಎಂದು ಒಬ್ಬರೂ ಹೇಳಲಿಲ್ಲ. ಮಖಾ ಎಲ್ಲಿ, ಮೂಲಾ ಎಲ್ಲಿ, ನಡುವೆ ಎಂಟು ನಕ್ಷತ್ರಗಳಿವೆ ಎಂದು ಪಂಚಾಂಗ ಬಲ್ಲ ಮುರಳಿ ಮಾಮಾನೂ ಹೇಳಲಿಲ್ಲ. ಮೋಸ ಎಂಬ ಮಾತು ಕೇಳಿ ವಿಷ್ಣುತೀರ್ಥರ ಮುಖ ಬೂದಿಯಾಯಿತು. "ನಾವು ಮುಚ್ಚಿಟ್ಟಿಲ್ಲ" ಎಂದು ಒಂದೇ ಮಾತು ಅಂದರು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಕೊಡಲು ಮರೆತರೆ ಇಳಿದಮೇಲೂ ಕೂಗಿ ಕೊಂಡುಕೊಳ್ಳುವ ಮನುಷ್ಯ. ಅವತ್ತು ಊಟಕ್ಕೇಳಲಿಲ್ಲ.

ಊರ ಬಾಯಿಗೆ ಮುಚ್ಚಳ ಉಂಟೇ. ಮೈಲಾಪುರದಿಂದ ತಾಂಬರದವರೆಗೆ ಸುದ್ದಿ ಹರಡಿತು. ಆಮೇಲೆ ಒಂದು ಸಂಬಂಧವೂ ಬರಲಿಲ್ಲ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿಯಲು ಹೋದವಳನ್ನು, ನೀನು ಕೂತ್ಕೋಮ್ಮಾ, ಎಂದು ನಯವಾಗಿ ಕೂರಿಸಿದರು. ಇವರೆಲ್ಲ ಹೊರಗಿನವರು, ಹಾಳಾಗಿ ಹೋಗಲಿ. ಒಂದು ಶನಿವಾರ ಗುಡಿಯಲ್ಲಿ ಅರ್ಚಕರು ಹೆಸರು ನಕ್ಷತ್ರ ಕೇಳಿದಾಗ ಅಮ್ಮನೇ, ಅವಳು ಪಕ್ಕದಲ್ಲಿ ನಿಂತಿರುವಾಗಲೇ, "ವೃಂದಾ, ಮೂಲಾ ನಕ್ಷತ್ರ, ಧನು ರಾಶಿ" ಎಂದಳು. ಮನೆಗೆ ಬರುವ ದಾರಿಯಲ್ಲಿ ವೃಂದಾ ಕೇಳಿದ್ದಕ್ಕೆ, "ಏನು ಮಾಡ್ಲಿ ಕಣೇ, ಅಷ್ಟು ಜನ ಹೇಳ್ತಾರೆ. ಎಲ್ಲೋ ನಾನೇ ತಪ್ಪು ತಿಳಕೊಂಡೆನೇನೋ," ಎಂದಿದ್ದಳು. ನಾಗಸ್ವರ ಕೇಳಿದ ತಾಯಿಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋಗಿತ್ತು.

ಅದಕ್ಕಿಂತ ಹೇಸಿಗೆಯ ಸಂಗತಿ ವೃಂದಾಳದ್ದೇ. ಜುಲೈ ಕೊನೆಗೆ, ಆಡಿ ತಿಂಗಳಲ್ಲಿ ಅಣ್ಣನಿಗೆ ಮಲೇರಿಯಾ ಬಂದು ನಡುಗುತ್ತ ಮಲಗಿದಾಗ ಅವಳು ಹತ್ತಿರ ಹೋಗಲಿಲ್ಲ. ತನ್ನ ನೆರಳು ಬಿದ್ದು ಹೆಚ್ಚಾದರೆ ಎಂದು ಬಾಗಿಲಾಚೆ ಕೂತಿದ್ದಳು. ಬಿಕಾಂ ಓದಿದವಳು, ಆಫೀಸಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ಆ ಹಾಳೆಯನ್ನು ತಾನೂ ನಂಬಿದ್ದಳು.

"ಈಗ ಎಲ್ಲಾ ಸರಿಯಾಯ್ತಲ್ಲ. ಕೂತ್ಕೋ, ಕಾಫಿ ಕುಡಿ," ಎಂದರು ಮುರಳಿ ಮಾಮಾ.

"ಹೇಗೆ ಗೊತ್ತಾಯ್ತು ಮಾಮಾ?" ಎಂದು ವೃಂದಾ ಕೇಳಿದಳು. ಕೂರಲಿಲ್ಲ.

"ನನ್ನ ಮಗಳಿಗೆ ಹೋದ ವಾರ ಗಂಡುಮಗು ಆಯ್ತಲ್ಲ, ನವೆಂಬರ್ ಐದು. ಹುಟ್ಟಿದ ನಕ್ಷತ್ರ ನನಗೆ ಬಾಯಲ್ಲೇ ಗೊತ್ತು. ಕಂಪ್ಯೂಟರಲ್ಲಿ ಹಾಕಿದ್ರೆ ಬೇರೇನೋ ಬಂತು. ತಿಂಗಳು ನೋಡ್ತೀನಿ, ವೈಶಾಖ ಅಂತ ಇದೆ. ಅಳಿಯ ನೋಡಿ ಹೇಳಿದ, ಹಳೇ ಪೆಟ್ಟಿಗೇಲಿ ಮೊದಲು ದಿನ ಆಮೇಲೆ ತಿಂಗಳು ಅಂತ ಓದ್ತಿತ್ತು, ಹೊಸ ಸಿಸ್ಟಮ್ಮಲ್ಲಿ ಅಮೆರಿಕದವರ ಹಾಗೆ ಮೊದಲು ತಿಂಗಳು, ಆಮೇಲೆ ದಿನ ಅಂತ ಓದುತ್ತೆ ಅಂತ. ನಿಂದು ಏಳು ಮೂರು ಎಪ್ಪತ್ತನಾಲ್ಕು. ಮಾರ್ಚ್ ಏಳು. ಅದು ಓದಿದ್ದು ಜುಲೈ ಮೂರು ಅಂತ."

ತನ್ನ ಮನೆಯ ಕೂಸಿಗೆ ಬಂದಾಗ ಮಾಮಾನ ಕಣ್ಣು ತೆರೆಯಿತು. ಅಲ್ಲಿಯವರೆಗೆ ಊರವರ ಹೆಣ್ಣುಮಕ್ಕಳ ಹಾಳೆಯಲ್ಲಿ ತಿಂಗಳು ಏನಿದೆ ಎಂದು ನೋಡುವ ಕೆಲಸ ಬಿದ್ದಿರಲಿಲ್ಲ. ವೃಂದಾಳ ಹಾಳೆಯಲ್ಲೂ ಆಷಾಢ ಎಂದು ಅಚ್ಚಾಗಿತ್ತು. ಅದನ್ನು ಓದಿದವರಿಲ್ಲ, ಎಲ್ಲರ ಕಣ್ಣೂ ನೇರ ನಕ್ಷತ್ರಕ್ಕೆ ಹೋಗಿತ್ತು.

ವೃಂದಾಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವಳು ಕೆಲಸ ಮಾಡುವ ವಿಮಾ ಕಚೇರಿಗೂ ಅದೇ ಬೇಸಿಗೆಯಲ್ಲಿ ಹೊಸ ಕಂಪ್ಯೂಟರುಗಳು ಬಂದಿದ್ದವು. ಹಳೆಯ ಪ್ರೋಗ್ರಾಮನ್ನೇ ಅವುಗಳ ಮೇಲೆ ಓಡಿಸಿದಾಗ ಪಾಲಿಸಿದಾರರ ತಾರೀಕುಗಳೆಲ್ಲ ಹಿಂದುಮುಂದಾಗಿ, ಏಜೆಂಟರು ಬಂದು ಮೇಜು ಗುದ್ದಿದ್ದರು. ಕೂತು ಹುಡುಕಿ, ದಿನ ತಿಂಗಳು ಅದಲುಬದಲಾಗಿದೆ ಎಂದು ತೋರಿಸಿಕೊಟ್ಟವಳು ಅವಳೇ. ಮ್ಯಾನೇಜರು ಎಲ್ಲರೆದುರು ಶಭಾಶ್ ಎಂದಿದ್ದರು. ಆ ಬುದ್ಧಿ ತನ್ನ ಹಾಳೆಯ ಮುಂದೆ ಎಲ್ಲಿ ಸತ್ತಿತ್ತೋ.

ಅದೇ ಕೆಲಸದ ಅಭ್ಯಾಸದಿಂದ ಅವಳಿಗೆ ಒಂದು ಪ್ರಶ್ನೆ ಹೊಳೆಯಿತು.

"ಹನ್ನೆರಡರ ಮೇಲಿನ ತಾರೀಕಿನವರು ಬಂದಾಗ ಏನು ಮಾಡ್ತಿದ್ರಿ ಮಾಮಾ? ಇಪ್ಪತ್ತೈದನೇ ತಾರೀಕು ಅಂತ ಹಾಕಿದ್ರೆ ಅದು ತಗೊಳ್ಳಲ್ವಲ್ಲ. ಇಪ್ಪತ್ತೈದನೇ ತಿಂಗಳು ಅಂತ ಇಲ್ಲ."

ಮುರಳಿ ಮಾಮಾ ಬಜ್ಜಿಯ ಎಣ್ಣೆಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡರು. "ತಗೊಳ್ತಿರಲಿಲ್ಲ. ತಪ್ಪು ಅಂತ ಕೀಂ ಅಂತ ಕೂಗ್ತಿತ್ತು. ಆಗ ನಾನು ತಿಂಗಳು ಮೊದಲು ಹಾಕಿ ನೋಡಿದೆ. ತಗೊಂಡ್ತು. ಅಂಥವರಿಗೆಲ್ಲ ಹಾಗೇ ಹಾಕ್ತಿದ್ದೆ."

"ಅಂದ್ರೆ ಅದು ತಿಂಗಳು ಮೊದಲು ಕೇಳುತ್ತೆ ಅಂತ ನಿಮಗೆ ಗೊತ್ತಿತ್ತು."

"ಹನ್ನೆರಡರ ಒಳಗಿನವರಿಗೆ ಅದು ಕೂಗಲೇ ಇಲ್ಲಮ್ಮಾ. ಕೂಗಿದ್ರೆ ತಾನೇ ನಮಗೆ ಗೊತ್ತಾಗೋದು."

ಇದನ್ನು ಹೇಳುವಾಗ ಆ ಮುಖದಲ್ಲಿ ಕೂದಲಿನಷ್ಟು ನಾಚಿಕೆ ಇರಲಿಲ್ಲ. ಯಂತ್ರ ಕೂಗಲಿಲ್ಲವಂತೆ, ಅದಕ್ಕೆ ಇವರಿಗೆ ಗೊತ್ತಾಗಲಿಲ್ಲವಂತೆ. ಮನೆಯಲ್ಲಿ ಒಬ್ಬ ತಾಯಿ ಬಾಯಿ ಬಾಯಿ ಬಡಿದುಕೊಂಡು ಕೂಗಿದ್ದು ಇವರಿಗೆ ಕೇಳಿಸಿರಲಿಲ್ಲ.

"ಹಾಗಾದ್ರೆ ಬೇಸಿಗೆಯಿಂದೀಚೆಗೆ ಬಂದವರಲ್ಲಿ ನನ್ನ ಹಾಗೆ ಇನ್ನೂ ಇದಾರೆ. ಅವರಿಗೆಲ್ಲ ಹೇಳಿದ್ರಾ?"

"ಅದೆಲ್ಲ ಈಗ್ಯಾಕೆ ವೃಂದಾ," ಎಂದು ನಡುವೆ ಬಾಯಿ ಹಾಕಿದಳು ಜಯಲಕ್ಷ್ಮೀ.

"ಹೇಳ್ತಾ ಹೋದ್ರೆ ನಾಳೆಯಿಂದ ನನ್ನ ಮಾತನ್ನ ಯಾರಮ್ಮಾ ನಂಬ್ತಾರೆ? ಕೆಲವರಿಗೆ ಮದುವೆಯೂ ಆಗಿಹೋಯ್ತು. ಈಗ ಹೋಗಿ ಕೆದಕಿದ್ರೆ ಸಂಸಾರ ಹಾಳಾಗೋದು ತಾನೇ," ಎಂದು ಮುರಳಿ ಮಾಮಾ ಧರ್ಮಸೂಕ್ಷ್ಮ ಹೇಳಿದರು. "ನೀವು ನಮ್ಮವರು ಅಂತ ನಿಮ್ಮದೊಂದು ಸರಿ ಮಾಡಿದೆ."

"ಒಳ್ಳೇದಾಯ್ತು, ಬಿಡಿ ಆ ಮಾತು," ಎಂದು ಕಲಾವತಿ ಮಾಮಿ ಪಕ್ಕದಲ್ಲಿದ್ದ ಬಾಳೆಎಲೆಯ ಪೊಟ್ಟಣ ಬಿಚ್ಚಿದರು. ಒಳಗೆ ಒತ್ತಾಗಿ ಕಟ್ಟಿದ ಮಲ್ಲಿಗೆ. "ಇವತ್ತು ದಿವಸ ಚೆನ್ನಾಗಿದೆ. ಹೂ ಮುಡಿಸಿ ಮಾತು ಮುಗಿಸಿಬಿಡೋಣ ಅಂತ ಬಂದೆ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ನಮ್ಮನೆಯವರೂ ಹೇಳಿದ್ರು, ಮಗತ್ತು ಪೆಣ್ ಜಗತ್ತೈ ಆಳುವಾಳ್ ಅಂತ. ಮಖಾ ನಕ್ಷತ್ರದ ಹೆಣ್ಣು ಜಗತ್ತನ್ನೇ ಆಳ್ತಾಳಂತೆ. ನಮ್ಮ ಮನೆ ಯಾವ ಲೆಕ್ಕ ಅವಳಿಗೆ. ಬಾಮ್ಮಾ, ಇಲ್ಲಿ ಕೂತು ಆ ಕಡೆ ತಿರುಗು."

ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಮನೆ ನಿರ್ಮೂಲ ಮಾಡುವವಳು ಎಂದದ್ದು ಇದೇ ನಾಲಿಗೆ, ಇದೇ ಕುತ್ತಿಗೆಯ ಎರಡೆಳೆ ಸರ, ಇದೇ ಸೋಫಾ. ಆ ಐದು ತಿಂಗಳಿಗೆ ಒಂದು ತಪ್ಪಾಯಿತು ಎಂಬ ಮಾತಿಲ್ಲ. ಕೆಟ್ಟ ಫ್ಯಾನು ರಿಪೇರಿಯಾಗಿ ಬಂದರೆ ಮತ್ತೆ ಸಿಕ್ಕಿಸುವ ಹಾಗೆ ಇವಳನ್ನು ಮತ್ತೆ ಸಿಕ್ಕಿಸಿಕೊಳ್ಳಲು ಬಂದಿದ್ದರು. ಜಯಲಕ್ಷ್ಮೀ ಮಗಳ ಭುಜ ಹಿಡಿದು ಮೆಲ್ಲಗೆ ಒತ್ತಿ, ಮಾಮಿಯ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂರಿಸಿದಳು. ಬೇಡ ಎಂದರೆ ಅಮ್ಮ ಸತ್ತೇ ಹೋಗುತ್ತಾಳೆ ಎಂದು ವೃಂದಾಳಿಗೆ ಅನ್ನಿಸಿತು. ಬೇಡ ಎನ್ನಲು ತನಗಾದರೂ ಮನಸ್ಸಿದೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಎದುರಿಗೆ ಉದಯ್ ಕೂತಿದ್ದ. ಅದೇ ಬಿಳಿ ಅಂಗಿ. ಅವನನ್ನು ನೋಡಿದರೆ ಈಗಲೂ ಎದೆಯಲ್ಲಿ ಏನೋ ಎಳೆದಂತಾಗುತ್ತಿತ್ತು. ಅದಕ್ಕೇ ತನ್ನ ಮೇಲೆ ಹೆಚ್ಚು ಸಿಟ್ಟು ಬಂತು.

"ಉದಯ್, ಒಂದು ಕೇಳ್ತೀನಿ," ಎಂದಳು. "ಆ ಹಾಳೆ ಬಂದ ಮೇಲೆ ಒಂದು ಫೋನ್ ಮಾಡಲಿಲ್ಲ ನೀವು."

ಉದಯ್ ತಾಯಿಯ ಕಡೆ ನೋಡಿ, ಆಮೇಲೆ ಇವಳ ಕಡೆ ನೋಡಿದ. "ನಾನು ಏನು ಮಾಡ್ಲಿ ವೃಂದಾ. ಅಪ್ಪಾ ಹೆಲ್ತ್ ವಿಷಯ. ಮನೇಲಿ ಎಲ್ಲರೂ ಟೆನ್ಷನ್‌ನಲ್ಲಿ ಇದ್ರು. ಅದೆಲ್ಲ ಇಪ್ಪೊ ಎದುಕ್ಕು, ಈಗ್ಯಾಕೆ? ಒಂದು ಟೆಕ್ನಿಕಲ್ ಮಿಸ್ಟೇಕ್ ದಾನೇ. ಸರಿಹೋಯ್ತಲ್ಲ."

"ಮಿಸ್ಟೇಕ್ ಅಲ್ಲದೆ, ನಿಜವಾಗ್ಲೂ ಮೂಲಾನೇ ಆಗಿದ್ರೆ?"

"ಆಗಿಲ್ವಲ್ಲ," ಎಂದು ಅವನು ನಕ್ಕ. ಮರೀನಾದಲ್ಲಿ ನಕ್ಕಿದ್ದೂ ಹೀಗೆಯೇ. ಅಂದು ಚೆನ್ನಾಗಿ ಕಂಡಿತ್ತು.

ಕಲಾವತಿ ಮಾಮಿ ಅವಳ ಜಡೆಯನ್ನು ಎತ್ತಿ ಹಿಡಿದರು. ಬೆರಳುಗಳು ಕುತ್ತಿಗೆಗೆ ತಾಗಿದವು. ಐದು ತಿಂಗಳು ಊರಲ್ಲಿ ಎಲ್ಲರೂ ಮುಟ್ಟಲು ಹಿಂಜರಿದ ಮೈ ಅದು. ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಾಮಿ ಹೂವಿನ ತುದಿಯನ್ನು ಜಡೆಯ ಬುಡಕ್ಕೆ ಇಟ್ಟರು. ತಣ್ಣನೆಯ ಮಲ್ಲಿಗೆ ಚರ್ಮಕ್ಕೆ ಸೋಕಿದ್ದೇ ವೃಂದಾಳಿಗೆ ಮೈಯೆಲ್ಲ ಅಸಹ್ಯವಾಯಿತು.

"ಒಂದು ನಿಮಿಷ ಮಾಮಿ. ಮುಡಿಸೋಕೆ ಮುಂಚೆ ಒಂದು ಹೇಳಿಬಿಡ್ತೀನಿ. ಆಮೇಲೆ ಮೋಸ ಅನ್ನಬಾರದು."

"ಏನಮ್ಮಾ?" ಪಿನ್ನು ಕಚ್ಚಿದ ಬಾಯಿಂದ ಮಾತು ಅಸ್ಪಷ್ಟವಾಗಿ ಬಂತು.

"ನಾನು ಹುಟ್ಟಿದ್ದು ಮಾರ್ಚ್ ಏಳಲ್ಲ. ಜುಲೈ ಮೂರೇ. ಶಾಲೆಗೆ ಸೇರಿಸೋವಾಗ ವಯಸ್ಸು ಸಾಲದು ಅಂದ್ರಂತೆ. ಆಗ ತಾರೀಕನ್ನ ತಿರುಗಿಸಿ ಮಾರ್ಚ್ ಅಂತ ಬರೆಸಿದಾರೆ. ಮುರಳಿ ಮಾಮಾನ ಕಂಪ್ಯೂಟರ್ ಮೊದಲನೇ ಸಲ ಹೇಳಿದ್ದೇ ಸರಿ. ನಂದು ಮೂಲಾ."

ಬಿಸಿ ಬಾಣಲೆ ತಾಗಿದ ಹಾಗೆ ಮಾಮಿಯ ಕೈ ಹಿಂದಕ್ಕೆ ಹೋಯಿತು. ಜಡೆ ಬೆನ್ನ ಮೇಲೆ ಬಿತ್ತು. ಪಿನ್ನು ನೆಲಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಮೊದಲು ಚೇತರಿಸಿಕೊಂಡವರು ಮುರಳಿ ಮಾಮಾ. ಅವರ ಮುಖ ಅರಳಿತು. "ಅದೇ ನೋಡಿ. ನಂಗೂ ಒಳಗೊಳಗೇ ಅನುಮಾನ ಇತ್ತು. ಎಂಟು ವರ್ಷದಿಂದ ಒಂದು ಜಾತಕ ತಪ್ಪಾಗಿಲ್ಲ, ಇದು ಮಾತ್ರ ಹೇಗೆ ತಪ್ಪುತ್ತೆ ಅಂತ," ಎಂದರು. ತನ್ನ ಮೊಮ್ಮಗನ ವೈಶಾಖವನ್ನು ಅಷ್ಟರಲ್ಲೇ ಮರೆತಿದ್ದರು.

"ಸುಳ್ಳು ಹೇಳ್ತಿದಾಳೆ," ಎಂದಳು ಜಯಲಕ್ಷ್ಮೀ. "ಮಾಮಿ, ನಂಬಬೇಡಿ, ಇವಳಿಗೆ ತಲೆ ಕೆಟ್ಟಿದೆ. ಹೆತ್ತವಳು ನಾನು ಹೇಳ್ತಿದೀನಿ. ಮಾಸಿ ಮಗಂ ದಿವಸ. ಪೆರುಮಾಳು ಸಮುದ್ರಕ್ಕೆ ಹೋಗ್ತಿತ್ತು."

"ಹೆತ್ತವಳು ಆಗಲೂ ಅದೇ ಹೇಳಿದಿರಿ," ಎಂದರು ಕಲಾವತಿ ಮಾಮಿ. ಹೂವನ್ನು ಆಗಲೇ ಎಲೆಗೆ ಸುತ್ತುತ್ತಿದ್ದರು.

ವೃಂದಾ ಉದಯನನ್ನೇ ನೋಡುತ್ತಿದ್ದಳು. ಅವನು ದಿನವೆಲ್ಲ ಅಂಕಿ ಸಂಖ್ಯೆಗಳ ನಡುವೆ ಇರುವವನು. ಮಾರ್ಚ್ ಏಳು, ಜುಲೈ ಮೂರು. ಯಂತ್ರ ತಪ್ಪಾಗಿ ಓದಿದ ದಿನವೇ ಒಬ್ಬಳು ಹುಟ್ಟಿದ ದಿನವೂ ಆಗುವುದು ಎಂಥ ಕಟ್ಟುಕತೆ ಎಂದು ಅವನಿಗೆ ಹೊಳೆದದ್ದು ಅವನ ಕಣ್ಣಿನಲ್ಲೇ ಕಂಡಿತು. ಇವಳು ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು. ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು. ಅಮ್ಮಾ, ಇವಳು ಹೇಳೋದು ಸುಳ್ಳು, ಎಂದು ಅಂದುಬಿಟ್ಟರೆ ಸಾಕಿತ್ತು. ಮೂಲಾ ಆದರೂ ಸರಿ ಎನ್ನುವುದಂತೂ ದೂರದ ಮಾತು. ಅವನು ಹೇಳಲಿ ಎಂದು ಅವಳು ಕಾದಳು. ಹೇಳಿದರೆ ತಾನು ಅಳುತ್ತೇನೆ, ತಿರುಗಿ ಕೂತು ಹೂ ಮುಡಿಸಿಕೊಳ್ಳುತ್ತೇನೆ ಎಂದೂ ಅವಳಿಗೆ ತಿಳಿದಿತ್ತು.

ಉದಯ್ ಜೇಬಿನಿಂದ ಸ್ಕೂಟರಿನ ಬೀಗದಕೈ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡ. "ಕೆಳಂಬಲಾಮಾಮ್ಮಾ?" ಎಂದು ತಾಯಿಯನ್ನು ಕೇಳಿದ. ಹೊರಡೋಣವಾ ಅಂತ.

"ತಾಳು," ಎಂದರು ಕಲಾವತಿ ಮಾಮಿ. ಅವರಿಗೆ ಒಂದು ಸಾಕ್ಷಿ ಬೇಕಿತ್ತು, ಹೊರಗೆ ಹೋಗಿ ಹೇಳುವುದಕ್ಕೆ. ಕಿಟಕಿಯ ಕಡೆ ತಿರುಗಿದರು. "ನೀವು ಹೇಳಿ. ಸಂಧ್ಯಾವಂದನೆ ಮಾಡೋ ಬಾಯಿ, ಸುಳ್ಳು ಹೇಳಲ್ಲ ಅಂತಾರೆ ಎಲ್ಲರೂ. ನಿಮ್ಮ ಮಗಳು ಹೇಳೋದು ನಿಜವಾ?"

ಜಯಲಕ್ಷ್ಮೀ ಕೈ ಮುಗಿದಳು. ಗಂಡನಿಗೋ ದೇವರಿಗೋ ತಿಳಿಯದ ಹಾಗೆ ಮುಗಿದಳು. "ಹೇಳ್ರೀ. ಆಸ್ಪತ್ರೆ ಬಾಗಿಲಲ್ಲಿ ನೀವೇ ಪೆರುಮಾಳಿಗೆ ಕೈ ಮುಗಿದು ಒಳಗೆ ಬಂದ್ರಿ. ಹೇಳ್ರೀ."

ವಿಷ್ಣುತೀರ್ಥರು ಮಡಿಲಿನ ಪೇಪರನ್ನು ಮಡಿಸಿ ಕಿಟಕಿಯ ಮೇಲಿಟ್ಟರು. ಮಗಳ ಮುಖ ನೋಡಲಿಲ್ಲ. ನೋಡಿದ್ದರೆ ಅವಳು ಬೇಡ ಅಣ್ಣಾ ಎಂದುಬಿಡುತ್ತಿದ್ದಳೇನೋ. ತಾನು ಸುಳ್ಳಿಯಾದರೆ ಆಗಲಿ, ಅಣ್ಣನನ್ನು ಮೋಸಗಾರ ಎಂದವರ ಮಾತನ್ನು ತಾನೇ ನಿಜ ಮಾಡಿಕೊಟ್ಟೆ ಎಂದು ಅವಳಿಗೆ ಆಗಷ್ಟೇ ಅರಿವಾಗಿತ್ತು.

"ಹೌದಮ್ಮಾ," ಎಂದರು ವಿಷ್ಣುತೀರ್ಥರು. "ಶಾಲೇಲಿ ನಾನೇ ಬರೆಸಿದ್ದು. ನಕ್ಷತ್ರ ಮುಚ್ಚಿಟ್ಟಿದ್ದೂ ನಾನೇ. ಇವಳಿಗೆ ಆಗ ಏನೂ ಗೊತ್ತಿರಲಿಲ್ಲ, ಜಯಾ ಹೇಳಿದ್ದೆಲ್ಲ ನಾನು ಹೇಳಿಕೊಟ್ಟದ್ದು."

ಕಲಾವತಿ ಮಾಮಿ "ಥೂ" ಎಂದು ಉಗುಳಲಿಲ್ಲ, ಅಷ್ಟೇ. ಮೆಟ್ಟಿಲಿಳಿಯುವಾಗ ಮುರಳಿ ಮಾಮಾ ಅವರಿಗೆ ಹೇಳುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು. ನೋಡಿದಿರಾ, ದೊಡ್ಡ ಮನುಷ್ಯ ಅಂತ ತಿಳಿದಿದ್ವಿ. ಕೆಳಗೆ ಸ್ಕೂಟರು ಎರಡು ಸಲ ಒದ್ದಮೇಲೆ ಚಾಲೂ ಆಗಿ ದೊಡ್ಡ ಬೀದಿ ಪೆರಿಯ ತೆರುವಿನ ಕಡೆ ಹೋಯಿತು.

ಜಯಲಕ್ಷ್ಮೀ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇಬ್ಬರನ್ನೂ ಒಮ್ಮೆ ಬೈದಳು, ಒಮ್ಮೆ ತನ್ನ ಹಣೆಬರಹವನ್ನು ಬೈದಳು. ವೃಂದಾ ಸ್ಟೂಲಿನಿಂದ ಏಳಲಿಲ್ಲ. ಅಣ್ಣ ಎದ್ದು ಬಂದು ಟೀಪಾಯಿಯ ಮೇಲಿದ್ದ ಕಾಫಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡರು. ಮುಸುರೆ ಪಾತ್ರೆಗೆ ಆ ಮನೆಯಲ್ಲಿ ಅವರು ಎಂದೂ ಕೈ ಹಾಕಿದವರಲ್ಲ.

"ಬಿಡಿ ಅಣ್ಣಾ, ನಾನು ತೊಳೀತೀನಿ."

"ಅವರ ಎಂಜಲು ನೀನು ಮುಟ್ಟಬೇಡ."

ಹಿಂದಿನ ಬಚ್ಚಲಲ್ಲಿ ಒಂದೇ ಒಂದು ಕೊಡ ನೀರಿತ್ತು. ಲಾರಿ ನೀರು ಬಂದು ಎರಡು ದಿನವಾಗಿತ್ತು, ನಾಳೆ ಬರುವುದೂ ಖಾತ್ರಿಯಿರಲಿಲ್ಲ. ವಿಷ್ಣುತೀರ್ಥರು ಪಂಚೆಯನ್ನು ಮೇಲೆ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣು ಹಚ್ಚಿ ಲೋಟಗಳನ್ನು ಉಜ್ಜಿದರು. ನೀರು ಸುರಿದರು. ಮೂಸಿ ನೋಡಿ ಮತ್ತೆ ಉಜ್ಜಿದರು. ಕೊಡ ಖಾಲಿಯಾಗುವವರೆಗೂ ಅವರು ನೀರು ಸುರಿಯುತ್ತಲೇ ಇದ್ದರು.